ಮೂರು ವಾರದಲ್ಲಿ ಮೂರು ಮುಟ್ಟು

ಸತ್ಯವೊಂದೇ ಕೊನೆಗೆ ಮನುಷ್ಯನನ್ನು ಕಾಯುವುದು ಎಂದು ಬಲ್ಲವರು ಹೇಳಿದ್ದಾರೆ. ಹಾಗೆ ಹೇಳುವಾಗ ಅವರಿಗೆ ಹಲ್ಲುನೋವು ಇತ್ತೋ ಇಲ್ಲವೋ ತಿಳಿಯದು. ಇರಲಿಲ್ಲ ಎಂದೇ ನನ್ನ ಅನುಮಾನ.

ನನಗೆ ಇತ್ತು. ಬಲಗಡೆ, ಕೆಳಗಿನ ಸಾಲು, ಕೊನೆಯಿಂದ ಎರಡನೆಯ ದವಡೆ ಹಲ್ಲು. ನಲವತ್ತನಾಲ್ಕು ವರ್ಷದ ನನ್ನ ಬಾಯಲ್ಲಿ ಅದಕ್ಕೆ ಹಿರಿಯ ಅಧಿಕಾರಿಯ ಸ್ಥಾನ. ಚಕ್ಕುಲಿ, ಕೋಡುಬಳೆ, ಹುರಿಗಡಲೆ ಎಲ್ಲವೂ ಅದರ ಇಲಾಖೆಗೇ ಹೋಗಬೇಕು. ಎಡಗಡೆ ಅದೇ ಹುದ್ದೆಯಲ್ಲಿದ್ದ ಹಲ್ಲನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದೆ. ಇದೂ ಹೋದರೆ ಉಳಿದ ಆಯುಷ್ಯವನ್ನು ಮೊಸರನ್ನದಲ್ಲಿ ಕಳೆಯಬೇಕಾಗಿತ್ತು. ಮೊಸರನ್ನದ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಅದನ್ನು ಊಟದ ಕೊನೆಗೆ ತಿನ್ನುವುದೇ ಬೇರೆ, ಬಾಳಿನ ಕೊನೆಯವರೆಗೆ ತಿನ್ನುವುದೇ ಬೇರೆ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಹಲ್ಲಿನ ಡಾಕ್ಟರು ಗೋವಿಂದರಾಜನಗರದಲ್ಲಿ, ಒಂದು ಬೇಕರಿಯ ಮಹಡಿ ಮೇಲೆ. ಕೆಳಗಿನವರು ಮೇಲಿನವರಿಗೆ ಗಿರಾಕಿಗಳನ್ನು ತಯಾರು ಮಾಡಿ ಕಳಿಸುವ ಏರ್ಪಾಡು ಎಷ್ಟು ಚೊಕ್ಕವಾಗಿದೆಯೆಂದರೆ, ಎರಡೂ ಕಡೆ ಒಬ್ಬರೇ ಪಾಲುದಾರರಿರಬಹುದೇ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಡಾಕ್ಟರು ಧಾರವಾಡದ ಕಡೆಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಕೌಂಟರಿನಲ್ಲಿ ಬೇರೆ ಯಾರೂ ಇಲ್ಲ. ಫೋನೂ ಅವರೇ, ಬಿಲ್ಲೂ ಅವರೇ, ಡ್ರಿಲ್ಲೂ ಅವರೇ.

ಶ್ರಾವಣದ ಮೊದಲಲ್ಲಿ ಅವರು ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು, ತೀರ್ಪು ಕೊಟ್ಟರು.

"ಹುಳುಕು ಬೇರಿನ ತನಕ ಹೋಗೇದರಿ ಮೇಡಮ್. ರೂಟ್ ಕೆನಾಲ್ ಮಾಡಿದ್ರ ಹಲ್ಲು ಉಳೀತದ. ತಡಾ ಮಾಡಿದ್ರಿ ಅಂದ್ರ ಕೀಳೂದ ಆಗ್ತದ. ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು ಶನಿವಾರ ಬಂದಬಿಡ್ರಿ."

"ಖಂಡಿತ ಬರ್ತೀನಿ ಡಾಕ್ಟ್ರೇ" ಎಂದೆ. ನನಗೆ ಹಾಗೆ ಹೇಳುವ ಅಭ್ಯಾಸವಿದೆ. ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು ನಾನು. ನಾಗರಿಕರ ಕರ್ತವ್ಯಗಳನ್ನು ವರ್ಷಕ್ಕೊಮ್ಮೆ ಓದಿ ಓದಿ ಮಾತು ಹಾಗೆ ಬರುತ್ತದೆ.

ಇಲ್ಲಿ ನನ್ನ ಹೆದರಿಕೆಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಒಂಬತ್ತನೆಯ ವಯಸ್ಸಿನಲ್ಲಿ ರಾಜಾಜಿನಗರದ ಒಬ್ಬ ಹಿರಿಯ ದಂತವೈದ್ಯರು ಆ ಎಡಗಡೆಯ ಹಲ್ಲನ್ನು ಕಿತ್ತರು. ನಮ್ಮಪ್ಪ ಒಂದು ಭುಜ, ಕಾಂಪೌಂಡರು ಇನ್ನೊಂದು ಭುಜ ಹಿಡಿದಿದ್ದರು. ಕಾಲು ಹಿಡಿಯಲು ಜನ ಸಾಲಲಿಲ್ಲ. ಅದರ ಪರಿಣಾಮ ವೈದ್ಯರ ಕನ್ನಡಕದ ಮೇಲಾಯಿತು. ಅವರು ತೀರಿಕೊಂಡು ವರ್ಷಗಳಾದವು. ಅವರ ಇಕ್ಕಳದ ಟಣ್ ಎಂಬ ಸದ್ದು ಮಾತ್ರ ನನ್ನ ತಲೆಯಲ್ಲಿ ಇನ್ನೂ ಪ್ರಾಕ್ಟೀಸು ನಡೆಸುತ್ತಿದೆ.

ಹೀಗಾಗಿ ಹಬ್ಬದ ಮರುದಿನ, ಶನಿವಾರ ಬೆಳಿಗ್ಗೆ, ಟೆರೇಸಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಜ್ವರ ಎಂದರೆ ಎಷ್ಟು ಡಿಗ್ರಿ ಎಂದು ಕೇಳುತ್ತಾರೆ. ನೆಂಟರು ಎಂದರೆ ಕರಕೊಂಡೇ ಬನ್ನಿ ಎನ್ನುತ್ತಾರೆ. ಮರುಪ್ರಶ್ನೆ ಇಲ್ಲದ ಕಾರಣ ಹೆಂಗಸರಿಗೆ ಒಂದೇ ಒಂದಿದೆ.

"ಡಾಕ್ಟ್ರೇ, ಇವತ್ತು ಬರಕ್ಕಾಗಲ್ಲ. ಪೀರಿಯಡ್ಸು."

"ಅದಕ್ಕೇನ್ರಿ, ಬರ್ರಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸುಳ್ಳಿಗೆ ಸ್ವಲ್ಪ ತೂಕ ಹಾಕಬೇಕಾಯಿತು. "ನಿನ್ನೆಯಿಂದ ಶುರುವಾಗಿದೆ ಡಾಕ್ಟ್ರೇ. ತುಂಬ ಜಾಸ್ತಿ. ಎದ್ದು ನಿಲ್ಲಕ್ಕೂ ಆಗ್ತಿಲ್ಲ" ಎಂದೆ, ಟೆರೇಸಿನ ಮೇಲೆ ಎದ್ದು ನಿಂತುಕೊಂಡೇ.

"ಹೌದೇನ್ರಿ? ಹಂಗಾದ್ರ ಆರಾಮ ತಗೋರಿ. ಮುಂದಿನ ವಾರ ನಾ ಊರಿಗೆ ಹೊಂಟೇನಿ, ಅದರ ಮುಂದಿನ ಶನಿವಾರ ಬರ್ರಿ. ಅಲ್ಲೀತನಕ ಗುಳಿಗಿ ತಪ್ಪಸಬ್ಯಾಡ್ರಿ." ಪುಟ ತಿರುಗಿಸಿದ ಸದ್ದು, ಪೆನ್ನು ಓಡಿದ ಸದ್ದು ಕೇಳಿಸಿತು. ಅದೇನೆಂದು ನಾನು ಯೋಚಿಸಲಿಲ್ಲ. ಕೆಳಗಿಳಿದು ಬಂದು, "ಡಾಕ್ಟ್ರು ಊರಿಗೆ ಹೋಗ್ತಿದಾರಂತೆ, ಎರಡು ವಾರ ಬಿಟ್ಟು ಬರಕ್ಕೆ ಹೇಳಿದ್ರು" ಎಂದು ಅತ್ತೆಗೆ ವರದಿ ಒಪ್ಪಿಸಿದೆ. ಅದರಲ್ಲಿ ಮುಕ್ಕಾಲು ಪಾಲು ಸತ್ಯವೇ ಇತ್ತು.

ನಮ್ಮ ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಎಪ್ಪತ್ತೆರಡು ವರ್ಷ. ಬೆಳಿಗ್ಗೆ ಪದಬಂಧ ಬಿಡಿಸುತ್ತಾರೆ, ಮೊಬೈಲಿನಲ್ಲಿ ಕರೆಂಟು ಬಿಲ್ಲು ಕಟ್ಟುತ್ತಾರೆ, ಮತ್ತು ನಮ್ಮ ಮನೆಯಲ್ಲಿ ಮೂರು ದಿನದ ಪದ್ಧತಿಯನ್ನು ಇವತ್ತಿಗೂ ನಡೆಸುತ್ತಾರೆ. ಆ ಮೂರು ದಿನ ನಾನು ಶಾಲೆಗೆ ಹೋಗಬಹುದು, ಬಸ್ಸಿನಲ್ಲಿ ನಿಂತವರ ಮೇಲೆಲ್ಲ ಬೀಳಬಹುದು, ಸಂಬಳ ತರಬಹುದು. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ಸ್ನಾನ. ದೇವರ ಕೆಲಸಕ್ಕೆ ಐದನೆಯ ದಿನ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇದೆಲ್ಲ ಪ್ರಕೃತಿ ಸಹಜ, ನಾಚಿಕೆ ಬೇಡ ಎಂದು ಗಟ್ಟಿಯಾಗಿ ಹೇಳಿ, ಮನೆಗೆ ಬಂದು ಹಾಲಿನ ಮೂಲೆಯಲ್ಲಿ ಕಾಲು ಚಾಚಿ ಕೂತು, ಅತ್ತೆ ತಂದಿಟ್ಟ ಕಾಫಿ ಕುಡಿಯುತ್ತೇನೆ. ಎರಡು ಸಂವಿಧಾನಗಳ ಕೆಳಗೆ ಬದುಕುವುದು ಕಷ್ಟವೆಂದು ಹೇಳುವವರಿದ್ದಾರೆ. ತಿಂಗಳಿಗೆ ಮೂರು ದಿನ ಒಗ್ಗರಣೆಯ ಹೊಗೆ ಇಲ್ಲದೆ ಪೂರ್ತಿ ಪೇಪರ್ ಓದುವ ಭಾಗ್ಯ ನನ್ನದು. ಆ ದೂರಿಗೆ ಸಹಿ ಹಾಕಲು ಮನಸ್ಸು ಬಂದಿಲ್ಲ.

ಘೋಷಣೆಗೂ ಒಂದು ಕ್ರಮವಿದೆ. ಬೆಳಿಗ್ಗೆ ಎದ್ದು ಹೊಸ್ತಿಲ ಆಚೆ ನಿಂತು, "ಅತ್ತೆ, ಕಾಫಿ ನೀವೇ ಸೋಸ್ಕೊಳ್ಳಿ" ಎನ್ನುತ್ತೇನೆ. ಅವರು ಏನೂ ಕೇಳದೆ ಬಂದು, ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ನೀಲಿ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾರೆ. ಹಬ್ಬ ಹರಿದಿನಗಳ ಮುನ್ಸೂಚನೆ ಆ ಚುಕ್ಕೆಗಳಿಂದಲೇ. ನನ್ನ ಚುಕ್ಕೆಗಳು ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಬೀಳುತ್ತವೆ ಎಂಬುದು ಅತ್ತೆಗೆ ಒಳಗೊಳಗೇ ಹೆಮ್ಮೆ. "ನಮ್ಮ ಸೊಸೆ ಹಾಲಿನವನಿಗಿಂತ ಕರಾರುವಾಕ್ಕು" ಎಂದು ಪಕ್ಕದ ಮನೆಯವರಿಗೆ ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಸಲದ ಚುಕ್ಕೆ ಹಬ್ಬಕ್ಕೆ ಆರು ದಿನ ಮುಂಚಿನ ಶನಿವಾರ ಬಿದ್ದಿತ್ತು. ಹಬ್ಬದ ಶುಕ್ರವಾರ ನಾನೇ ಮಡಿಯುಟ್ಟು ಕಳಸ ಕೂರಿಸಿದ್ದೆ. ಬೀದಿಯ ಹನ್ನೊಂದು ಜನ ಮುತ್ತೈದೆಯರು ಬಂದು ಅರಿಶಿನ ಕುಂಕುಮ ತಗೊಂಡು ಹೋಗಿದ್ದರು.

ಎರಡು ವಾರ ಕಳೆಯಿತು. ಹಲ್ಲು ಹಗಲಲ್ಲಿ ಮೌನವಾಗಿದ್ದು, ಬಿಸಿ ಸಾರು ತಾಗಿದರೆ ಮಾತಾಡುತ್ತಿತ್ತು. ಹಲ್ಲಿಗೆ ಲವಂಗ ಒತ್ತಿಕೊಂಡೇ ಪಾಠ ಮಾಡಿದೆ. ಎಂಟನೆಯ ತರಗತಿಯವರು ನನ್ನಿಂದ ಬಿರಿಯಾನಿ ವಾಸನೆ ಬರುತ್ತದೆ ಎಂದು ಮಾತಾಡಿಕೊಂಡರಂತೆ. ಎರಡನೆಯ ಶನಿವಾರ ಬಂತು. ಮತ್ತೆ ಟೆರೇಸು.

"ಡಾಕ್ಟ್ರೇ, ಏನ್ ಹೇಳಲಿ, ಈ ಸಲ ಬೇಗ ಬಂದ್ಬಿಡ್ತು. ಇವತ್ತೇ ಬೆಳಿಗ್ಗೆ."

ಆ ಕಡೆ ಪುಟ ಹಿಂದಕ್ಕೆ ತಿರುಗಿಸಿದ ಸದ್ದು. "ಮತ್ತ ಆತೇನ್ರಿ?" ಎಂದರು. ಆಮೇಲೆ, "ಮುಂದಿನ ಶನಿವಾರ ಬರ್ರಿ ಮೇಡಮ್. ಅದು ಕಡೀದು. ಆಮ್ಯಾಲ ಹಲ್ಲು ಉಳಸೂದು ನನ್ನ ಕೈಯಾಗ ಇರೂದಿಲ್ಲ." ಮತ್ತೆ ಪೆನ್ನು ಓಡಿದ ಸದ್ದು. ಡಾಕ್ಟ್ರು ಇನ್ನೊಂದು ವಾರ ಮುಂದಕ್ಕೆ ಹಾಕಿದರು ಎಂದು ಅತ್ತೆಗೆ ಹೇಳಿದೆ.

ಮಧ್ಯೆ ಗೌರಿ ಗಣೇಶ. ಮಂಗಳವಾರ ಗೌರಿಗೆ ನಾನೇ ಪೂಜೆ ಮಾಡಿದೆ, ಬಾಗಿನ ಕೊಟ್ಟೆ. ಬುಧವಾರ ಕಡುಬು ಕಡಿದಾಗ ಎಡಗಡೆ ಹಾಕಬೇಕಾದ್ದನ್ನು ಮರೆತು ಬಲಗಡೆ ಹಾಕಿದೆ. ಗುರುವಾರ ನನ್ನ ಬಲಗೆನ್ನೆಯೇ ಕಡುಬಾಗಿತ್ತು. ಶುಕ್ರವಾರ ರಾತ್ರಿ ನಿಜವಾಗಿಯೂ ತೀರ್ಮಾನ ಮಾಡಿದೆ: ನಾಳೆ ಹೋಗುವುದೇ. ಹಲ್ಲು ಉಳಿಸಿಕೊಳ್ಳುವುದೇ. ಶಾಲೆಗೆ ರಜಾ ಅರ್ಜಿಯನ್ನೂ ಕಳಿಸಿದೆ.

ಶನಿವಾರ ಬೆಳಿಗ್ಗೆ, ಇಪ್ಪತ್ತೆಂಟಕ್ಕೆ ಸರಿಯಾಗಿ, ಆಯಿತು.

ಹೊಸ್ತಿಲ ಆಚೆ ನಿಂತು, "ಅತ್ತೆ, ಕಾಫಿ ನೀವೇ ಸೋಸ್ಕೊಳ್ಳಿ" ಎಂದೆ. ಅವರು ಬಂದು ಚುಕ್ಕೆ ಇಟ್ಟರು. ನನ್ನ ಕೆನ್ನೆ ನೋಡಿದರು.

"ಇವತ್ತಲ್ವೇನೇ ಹಲ್ಲಿನ ಡಾಕ್ಟ್ರು?"

"ಹೂಂ, ಹನ್ನೆರಡು ಗಂಟೆಗೆ."

"ಇವತ್ತು ಬೇಡ. ಮುಟ್ಟಲ್ಲಿ ಹಲ್ಲಿಗೆ ಕೈ ಹಾಕಿಸ್ಕೋಬಾರದು. ಒಂದ್ ಕಡೆ ಹೋಗ್ತಿರೋವಾಗ ಇನ್ನೊಂದ್ ಕಡೆ ಬಾಗಿಲು ತೆಗೀಬಾರದು. ರಕ್ತ ನಿಲ್ಲಲ್ಲ."

ನನ್ನ ರಾತ್ರಿಯ ತೀರ್ಮಾನ ಅಷ್ಟಕ್ಕೇ ಕುಸಿಯಿತು. ಮನೆಯ ಹಿರಿಯರ ಆಜ್ಞೆ, ನಾನೇನು ಮಾಡಲಿ? ಈ ಸಲ ಟೆರೇಸಿಗೂ ಹೋಗಲಿಲ್ಲ. ಅತ್ತೆಯ ಎದುರಿಗೇ, ನಿಷ್ಕಳಂಕ ಕಂಠದಿಂದ, ಜೀವನದಲ್ಲಿ ಮೊದಲ ಬಾರಿಗೆ ಆ ಡಾಕ್ಟರಿಗೆ ಸತ್ಯ ಹೇಳಿದೆ.

"ಡಾಕ್ಟ್ರೇ, ಇವತ್ತು ಬೆಳಿಗ್ಗೆ ಪೀರಿಯಡ್ಸ್ ಆಯ್ತು."

"ಮೇಡಮ್," ಎಂದರು ಅವರು, ಬಹಳ ಮೆತ್ತಗೆ. "ನೀವು ಇವತ್ತ ಬರ್ರಿ. ಎರಡು ಕೆಲಸ ಅದಾವು. ಹಲ್ಲಿಂದು ಒಂದು. ಇನ್ನೊಂದು, ನಿಮಗ ಲೇಡಿ ಡಾಕ್ಟರ್‌ಗೆ ಚೀಟಿ ಬರದುಕೊಡ್ತೀನಿ. ಮೂರು ವಾರದಾಗ ಮೂರು ಸರ್ತಿ ಅಂದ್ರ ಅದು ಸಣ್ಣ ಮಾತಲ್ಲ. ಹೆದರಬ್ಯಾಡ್ರಿ. ಆದ್ರ ಇವತ್ತ ಬರಲಿಲ್ಲ ಅಂದ್ರ ಸೋಮವಾರ ನಾ ಹಲ್ಲು ಕೀಳೂದ."

ಫೋನ್ ಇಟ್ಟೆ.

"ಏನಂತೆ?" ಎಂದರು ಅತ್ತೆ.

"ಪರವಾಗಿಲ್ಲ, ಬನ್ನಿ ಅಂತಿದಾರೆ. ಇವತ್ತು ಹೋಗ್ದಿದ್ರೆ ಸೋಮವಾರ ಕಿತ್ತೇ ಹಾಕ್ತಾರಂತೆ."

"ಇದೆಂಥ ಡಾಕ್ಟ್ರು? ತಡಿ, ನಾನೂ ಬರ್ತೀನಿ. ನಾನೇ ಮಾತಾಡ್ತೀನಿ."

"ನೀವ್ಯಾಕೆ ಅತ್ತೆ, ಈ ಬಿಸಿಲಲ್ಲಿ?"

"ಹಲ್ಲು ನಿಂದಾದ್ರೂ ಸೊಸೆ ನನ್ನವಳು ತಾನೆ" ಎಂದು ಸೀರೆ ಬದಲಾಯಿಸಲು ಹೋದರು. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಇಬ್ರೂ ಹುಷಾರಾಗಿ ಹೋಗಿಬನ್ನಿ" ಎಂದು ಮನೆಯ ಗಂಡಸಿನ ಕರ್ತವ್ಯವನ್ನು ಪೂರೈಸಿದರು.

ಆಟೋದಲ್ಲಿ ನಾನು ಒಂದು ತುದಿ, ಅತ್ತೆ ಇನ್ನೊಂದು ತುದಿ. ನಡುವೆ ಛತ್ರಿ. ಡ್ರೈವರು ಕನ್ನಡಿಯಲ್ಲಿ ನೋಡಿ, "ಆಂಟಿ, ಇನ್ನೊಬ್ರು ಬರ್ತಾರಾ?" ಎಂದು ಕೇಳಿದ. "ಇಲ್ಲಪ್ಪ, ನಡಿ" ಎಂದರು ಅತ್ತೆ. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ಆ ಪೆನ್ನಿನ ಸದ್ದು ನೆನಪಾಯಿತು.

ಡಾಕ್ಟರು ಬರೆದುಕೊಂಡಿದ್ದಾರೆ. ಏನು ಬರೆದುಕೊಂಡಿದ್ದಾರೆ? ವರಮಹಾಲಕ್ಷ್ಮಿಯ ಮರುದಿನ ಫೋನ್ ಮಾಡಿ, 'ನಿನ್ನೆಯಿಂದ' ಎಂದು ಹೇಳಿದ್ದೆ. ನಿನ್ನೆ ಎಂದರೆ ಶುಕ್ರವಾರ. ಶುಕ್ರವಾರ ಎಂದರೆ ಹಬ್ಬ. ಕಳಸ ಕೂರಿಸಿದ್ದು ನಾನು.

ಸುಳ್ಳು ಹೇಳುವವರಿಗೆ ನನ್ನದೊಂದು ಹಿತವಚನವಿದೆ: 'ಇವತ್ತು' ಎಂದರೆ ಸಾಕು, ಅದಕ್ಕೆ ಹಿಂದಿನ ದಿನವನ್ನು ಜೋಡಿಸಬೇಡಿ. ಅಲಂಕಾರದ ಆಸೆಗೆ ಆ ಒಂದು ಪದ ಸೇರಿಸಿದ್ದರಿಂದ, ಆಸ್ಪತ್ರೆಯ ದಾಖಲೆಯ ಪ್ರಕಾರ, ನಾನು ಮುಟ್ಟಾಗಿ ಎದ್ದು ನಿಲ್ಲಲಾಗದ ಸ್ಥಿತಿಯಲ್ಲಿ ಮಹಾಲಕ್ಷ್ಮಿಯನ್ನು ಮನೆಗೆ ಬರಮಾಡಿಕೊಂಡಿದ್ದೆ. ಕೆನ್ನೆ ಹಿಡಿದುಕೊಂಡು, "ಅತ್ತೆ, ವಾಪಸ್ ಹೋಗೋಣ್ವಾ" ಎಂದೆ. "ಬಂದ್ಮೇಲೆ ಬಂದಾಯ್ತು" ಎಂದರು.

ಮಹಡಿ ಹತ್ತಿದೆವು. ಡಾಕ್ಟರು ನಮಸ್ಕಾರ ಮಾಡಿ ಕೂರಿಸಿದರು. ಅತ್ತೆ ಶುರು ಮಾಡಿದರು.

"ಡಾಕ್ಟ್ರಮ್ಮ, ನೀವು ಓದಿದೋರು, ನಾನು ಹೇಳಬಾರದು. ಆದ್ರೆ ಇವಳು ಇವತ್ತು ಹೊರಗಿದಾಳೆ. ಈ ಹೊತ್ತಲ್ಲಿ ಹಲ್ಲಿನ ಸಹವಾಸಕ್ಕೆ ಹೋದ್ರೆ ರಕ್ತ ನಿಲ್ಲಲ್ಲ. ನಮ್ಮ ಚಿಕ್ಕಜ್ಜಿಗೆ ಹಾಗೇ ಆಗಿತ್ತು."

"ಯಾವಾಗ್ರಿ ಅಮ್ಮಾರ?"

"ನಾನು ಹುಟ್ಟೋಕೆ ಮುಂಚೆ."

"ಹಂಗೇನೂ ಇಲ್ರಿ. ಈ ದಿನದಾಗ ವಸಡು ಒಂಚೂರು ಊದಿರತಾವು, ನೋವು ಒಂಚೂರು ಹೆಚ್ಚು ಅನಸಬಹುದು. ಅದಕ್ಕ ಇಂಜೆಕ್ಷನ್ ಅದ. ನಾ ಏನು ಹಲ್ಲು ಕೀಳೂದಿಲ್ಲ, ಒಳಗ ಸ್ವಚ್ಛ ಮಾಡ್ತೀನಿ ಅಷ್ಟ. ನನ್ನ ಚಿಂತಿ ಬ್ಯಾರೆನ ಅದ."

"ಏನು?"

ರೋಗಿಯ ಗುಟ್ಟನ್ನು ಕಾಯಬೇಕೆಂಬ ನಿಯಮ ವೈದ್ಯರಿಗೆ ಇದೆಯೆಂದು ಕೇಳಿದ್ದೇನೆ. ಅತ್ತೆಯಂದಿರಿಗೆ ಅದರಿಂದ ವಿನಾಯಿತಿ ಇರುವಂತೆ ಕಾಣುತ್ತದೆ. ಡಾಕ್ಟರು ಅಪಾಯಿಂಟ್‌ಮೆಂಟ್ ಪುಸ್ತಕ ತೆರೆದು, ಬೆರಳಿಟ್ಟು ಓದಿದರು.

"ನೋಡ್ರಿ ಅಮ್ಮಾರ. ವರಮಹಾಲಕ್ಷ್ಮಿ ಮರುದಿನ ಶನಿವಾರ: 'ನಿನ್ನೆಯಿಂದ ಪೀರಿಯಡ್ಸ್, ಬಹಳ.' ಅದಾದ ಮ್ಯಾಲ ಗೌರಿ ಹಬ್ಬದ ಮುಂಚಿನ ಶನಿವಾರ: 'ಇವತ್ತು ಬೆಳಿಗ್ಗೆ.' ಈಗ ಇವತ್ತ ಮತ್ತ. ಹಿಂಗ ಇರಬಾರದ್ರಿ. ತೋರಿಸಬೇಕು."

ಅತ್ತೆಯ ಬಲಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡಾಡಿತು. ಮೊದಲನೆಯದು ಶುಕ್ರವಾರ, ಲಕ್ಷ್ಮಿ. ಎರಡನೆಯದು ಶನಿ, ಭಾನು, ಸೋಮ. ಮಂಗಳವಾರ ನಾಲ್ಕನೆಯ ದಿನ, ಗೌರಿ. ದೇವರ ಕೆಲಸಕ್ಕೆ ಐದನೆಯ ದಿನ. ಒಬ್ಬರಲ್ಲ, ಇಬ್ಬರು ದೇವಿಯರು. ಹನ್ನೊಂದು ಜನ ಮುತ್ತೈದೆಯರು. ಅತ್ತೆಯ ಮುಖ ಒಂದೊಂದೇ ಗೆಣ್ಣಿಗೆ ಇಳಿಯುತ್ತ ಹೋಯಿತು. ಮನಸ್ಸಿನಲ್ಲಿ ಅವರು ಆಗಲೇ ನಮ್ಮ ಬೀದಿಯ ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಿದ್ದರು.

"ಶುಕ್ರವಾರ ಕಳಸ ಕೂರಿಸಿದ್ದು ಯಾರು?" ಎಂದರು ಕೊನೆಗೆ. ಗೊತ್ತಿರುವುದನ್ನು ಕೇಳುವಾಗ ಅವರ ದನಿ ಬಹಳ ಚಿಕ್ಕದಾಗುತ್ತದೆ.

ನನ್ನ ಮುಂದೆ ಎರಡೇ ದಾರಿ. ಸುಮ್ಮನಿದ್ದರೆ ಅಪವಿತ್ರಳು. ಬಾಯಿ ಬಿಟ್ಟರೆ ಸುಳ್ಳುಗಾತಿ. ಅಪವಿತ್ರಳಾದರೆ ಅತ್ತೆಯ ಹಬ್ಬಗಳೆರಡೂ ಹೋದವು. ಆ ವಯಸ್ಸಿನಲ್ಲಿ ಅವರಿಗೆ ಹಬ್ಬಕ್ಕಿಂತ ದೊಡ್ಡ ಆಸ್ತಿ ಇಲ್ಲ. ಸುಳ್ಳುಗಾತಿಯಾದರೆ ಹೋಗುವುದು ನನ್ನ ಮರ್ಯಾದೆ ಮಾತ್ರ. ಅದೂ ಊದಿದ ಕೆನ್ನೆಯಲ್ಲಿ ಅಷ್ಟೇನೂ ಉಳಿದಿರಲಿಲ್ಲ.

"ಅತ್ತೆ, ಶುಕ್ರವಾರ ನನಗೇನೂ ಆಗಿರಲಿಲ್ಲ. ಡಾಕ್ಟ್ರಿಗೆ ಸುಳ್ಳು ಹೇಳಿದೆ."

"ಗೌರಿಗೆ?"

"ಅದೂ ಸುಳ್ಳು. ಹಲ್ಲು ಮುಟ್ಟಿಸಿಕೊಳ್ಳಕ್ಕೆ ಹೆದರಿಕೆ."

ಡಾಕ್ಟರು ಪುಸ್ತಕ ಮುಚ್ಚಿದರು. ಆ ಹುಡುಗಿ ನಗು ತಡೆಯಲು ಮಾಸ್ಕ್ ಹಾಕಿಕೊಂಡರು ಎಂದು ನನ್ನ ನಂಬಿಕೆ. "ಹಂಗಾದ್ರ ಇವತ್ತಿಂದೂ ಸುಳ್ಳೇನ್ರಿ ಮೇಡಮ್?"

ಉತ್ತರ ಕೊಟ್ಟಿದ್ದು ಅತ್ತೆ. ಕೂತಲ್ಲೇ ನೇರವಾದರು. "ಇವತ್ತಿಂದು ನಿಜ ಡಾಕ್ಟ್ರಮ್ಮ. ನಾನೇ ಚುಕ್ಕೆ ಇಟ್ಟು ಬಂದಿದೀನಿ. ಇಪ್ಪತ್ತೆಂಟು ದಿನ. ಮದುವೆಯಾಗಿ ಬಂದಾಗಿಂದ ಇವಳದ್ದು, ಬಸುರಿ ಬಾಣಂತನ ಬಿಟ್ರೆ, ಒಂದು ದಿನ ಆ ಕಡೆ ಈ ಕಡೆ ಆಗಿಲ್ಲ. ಬೇಕಾದ್ರೆ ಹಳೇ ಕ್ಯಾಲೆಂಡರೆಲ್ಲ ಇಟ್ಟಿದೀನಿ, ತಂದು ತೋರಿಸ್ತೀನಿ."

"ಬ್ಯಾಡ್ರಿ, ಬ್ಯಾಡ್ರಿ. ನಿಮ್ಮ ಮಾತು ಸಾಕು" ಎಂದು ಡಾಕ್ಟರು ಲೇಡಿ ಡಾಕ್ಟರಿಗೆ ಆಗಲೇ ಬರೆದಿಟ್ಟಿದ್ದ ಚೀಟಿಯನ್ನು ಹರಿದು ಹಾಕಿದರು.

ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಮೊದಲು ನಿರಾಳ ಬಂತು. ಅದು ಪೂರ್ತಿ ಬಂದು ಕೂತ ಮೇಲೆ ಸಿಟ್ಟು ಬಂತು.

"ಶಾಲೇಲಿ ಮಕ್ಕಳಿಗೆ ಇದನ್ನೇ ಹೇಳ್ಕೊಡ್ತೀಯಾ?"

"ಇಲ್ಲ ಅತ್ತೆ."

"ಯಾವ ಬಾಯಲ್ಲಿ ಹೇಳ್ದೆ ಸುಳ್ಳು?"

ನನ್ನ ಕೈ ತಾನಾಗಿ ಬಲಗೆನ್ನೆಗೆ ಹೋಯಿತು.

"ಅದೇ ಬಾಯಿ ತೆಗಿ ಈಗ. ಡಾಕ್ಟ್ರಮ್ಮ, ಮಾಡಿ ನಿಮ್ಮ ಕೆಲಸ."

"ಅತ್ತೆ, ಮುಟ್ಟಲ್ಲಿ ಹಲ್ಲಿಗೆ ಕೈ ಹಾಕಬಾರದು ಅಂತ ನೀವೇ..." ಎಂದು ಕೊನೆಯ ಪ್ರಯತ್ನ ಮಾಡಿದೆ.

"ಅದು ಸುಮ್ಮನೆ ಮಾಡಿಸ್ಕೊಳ್ಳೋರಿಗೆ. ನಿಂದು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತಕ್ಕೆ ದಿನ ನೋಡಲ್ಲ. ದೇವರ ಹಬ್ಬದ ಮೇಲೆ ಇಲ್ಲದ ಮೈಲಿಗೆ ಹೊರಿಸಿದೀಯ, ಸಾಮಾನ್ಯನಾ?"

ಒಂದು ಶಾಸ್ತ್ರವನ್ನು ಮುರಿಯಲು ಇನ್ನೊಂದು ಶಾಸ್ತ್ರವೇ ಬೇಕು ಎಂಬುದನ್ನು ಅವತ್ತು ಕಣ್ಣಾರೆ ಕಂಡೆ. ಡಾಕ್ಟರು ಹತ್ತು ನಿಮಿಷ ವಿಜ್ಞಾನ ಹೇಳಿದ್ದರು. ಅತ್ತೆ ಕದಲಿರಲಿಲ್ಲ.

ಕುರ್ಚಿ ಹಿಂದಕ್ಕೆ ಬಾಗಿತು. ದೀಪ ಮುಖದ ಮೇಲೆ ಬಂತು. ಇಂಜೆಕ್ಷನ್ನಿನ ಸೂಜಿ ನೋಡಿ ಅತ್ತೆ ಎರಡು ಮಾರು ದೂರದಿಂದ, "ಮರಗಟ್ಟೋ ಹಾಗೆ ಸರಿಯಾಗಿ ಕೊಡಿ ಡಾಕ್ಟ್ರಮ್ಮ. ಪ್ರಾಯಶ್ಚಿತ್ತ ಅಂದ್ರೆ ನೋಯಲೇಬೇಕು ಅಂತ ಎಲ್ಲೂ ಬರೆದಿಲ್ಲ" ಎಂದರು. ಡಾಕ್ಟರು ಎರಡು ಕಡೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಬಲಗೆನ್ನೆ ನನ್ನದಲ್ಲ, ಯಾರೋ ಇಟ್ಟು ಮರೆತುಹೋದದ್ದು ಎನ್ನಿಸಿತು. ಡ್ರಿಲ್ಲು ಗುಂಯ್ ಎಂದಿತು. ನಾನು ಕಾಯುತ್ತಿದ್ದ ಟಣ್ ಸದ್ದು ಬರಲೇ ಇಲ್ಲ. ಇಕ್ಕಳವನ್ನು ಅವರು ಹೊರಗೇ ತೆಗೆದಿರಲಿಲ್ಲ.

"ನೋವು ಆಗ್ತದೇನ್ರಿ?"

"ಆ" ಎಂದೆ. ಇಲ್ಲ ಎಂದು ಅರ್ಥ.

"ಹೂಂ ಅಂತಾಳಾ, ಇಲ್ಲ ಅಂತಾಳಾ?" ಎಂದರು ಅತ್ತೆ.

"ಇಲ್ಲ ಅಂತಾರ್ರಿ ಅಮ್ಮಾರ."

"ಅವಳು ಹೇಳಿದ್ದನ್ನ ನಂಬಬೇಡಿ. ಕಾಲು ನೋಡಿ. ಕಾಲು ಅಲ್ಲಾಡಿಲ್ಲ ಅಂದ್ರೆ ನಿಜ."

ಕಾಲು ಅಲ್ಲಾಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಹಲ್ಲಿನೊಳಗೆ ಔಷಧಿ ತುಂಬಿ ಮುಚ್ಚಿದರು. ಬಾಯಿ ಮುಕ್ಕಳಿಸಿ ಉಗಿದೆ. ಅತ್ತೆ ಬಂದು ತೊಟ್ಟಿಯೊಳಗೆ ಇಣುಕಿ ನೋಡಿದರು. ನೀರು ತೆಳು ಗುಲಾಬಿ ಬಣ್ಣಕ್ಕಿತ್ತು. ಎರಡನೆಯ ಸಲ ನೀರಷ್ಟೇ ಇತ್ತು. ಅವರು ಇನ್ನೂ ಐದು ನಿಮಿಷ ನನ್ನನ್ನು ಕೂರಿಸಿ, ಬಾಯಿ ತೆಗೆಸಿ ನೋಡಿ, ಚಿಕ್ಕಜ್ಜಿಯ ವಿಷಯ ಮತ್ತೆ ಎತ್ತದೆ, "ನಡಿ" ಎಂದರು.

ಮೆಟ್ಟಿಲಿಳಿಯುವಾಗ ಕೇಳಿದೆ, ಅರ್ಧ ಬಾಯಲ್ಲಿ: "ಅತ್ತೆ, ಇವರಿಗೆ ಹೇಳ್ತೀರಾ?"

"ಅವನಿಗ್ಯಾಕೆ? ಹೆಂಗಸರ ವಿಷಯ."

ಕೊನೆಯ ಮೆಟ್ಟಿಲಲ್ಲಿ, "ಮುಂದಿನ ಸಲ ಹೆದರಿಕೆ ಆದ್ರೆ ಜ್ವರ ಅನ್ನು" ಎಂದರು.

ಆಮೇಲೆ ಎರಡು ಶನಿವಾರ ಹೋದೆ, ಎರಡು ಸಲವೂ ಅತ್ತೆ ಜೊತೆಗಿದ್ದರು. ಅವತ್ತಿನದೂ ಸೇರಿ ಮೂರನೆಯ ಸಲಕ್ಕೆ ರೂಟ್ ಕೆನಾಲ್ ಮುಗಿಯಿತು. ಅದರ ಮುಂದಿನ ವಾರ ಕ್ಯಾಪ್ ಹಾಕಿದರು. ಹಲ್ಲು ಉಳಿಯಿತು.